ಮನೆಗೆ ಕೊಡದ ಪುಸ್ತಕಗಳು



ಹಾಸ್ಟೆಲಿನ ಹುಡುಗರು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೋಗ್ತಾರೆ. ಪೇಪರ್ ನೋಡಲಿಕ್ಕೆ ಹೋಗ್ತಾರೆ, ಕೆಲಸದ ಜಾಹೀರಾತು ಬರೆದುಕೊಳ್ಳಲಿಕ್ಕೆ ಹೋಗ್ತಾರೆ, ರೂಮಿನಲ್ಲಿ ಆರೇಳು ಜನ ಗಲಾಟೆ ಮಾಡ್ತಿರುವಾಗ ಒಂದು ಫ್ಯಾನಿನ ಕೆಳಗೆ ಕೂತು ಪರೀಕ್ಷೆಯ ಗೈಡು ಉರು ಹೊಡೆಯಲಿಕ್ಕೆ ಹೋಗ್ತಾರೆ. ಅದರಲ್ಲಿ ತಪ್ಪಿಲ್ಲ. ಹೊಟ್ಟೆಪಾಡು. ಆದರೆ ಅದೇ ಕಟ್ಟಡದಲ್ಲಿ ಇನ್ನೊಂದು ಕೋಣೆ ಇದೆ. 'ಪರಾಮರ್ಶನ ವಿಭಾಗ' ಅಂತ ಬೋರ್ಡು. ಅಲ್ಲಿನ ಪುಸ್ತಕಗಳನ್ನು ಮನೆಗೆ ಕೊಡೋದಿಲ್ಲ, ಅಲ್ಲೇ ಕೂತು ಓದಬೇಕು. ದಪ್ಪ ದಪ್ಪ ಸಂಪುಟಗಳು. ನಿಘಂಟು, ವಿಶ್ವಕೋಶ, ಗ್ಯಾಸೆಟಿಯರು, ಜನಗಣತಿಯ ವರದಿ, ಶಾಸನಗಳು, ಆಯೋಗಗಳ ವರದಿ. ಆ ಕೋಣೆಗೆ ನಮ್ಮವರು ಕಾಲಿಡುವುದು ಅಪರೂಪ. ಎಂ.ಎ. ಮುಗಿಸಿಕೊಂಡು ಹೋದ ಎಷ್ಟೋ ಜನ ಅದರ ಹೊಸ್ತಿಲು ದಾಟದೇ ಹೋಗಿದ್ದಾರೆ.

ಈ ಸಲದ ಸಂಪಾದಕೀಯ ಆ ಕೋಣೆಯ ಬಗ್ಗೆ. ಜಮೀನಿನ ಕೇಸುಗಳು ಕೋರ್ಟಿನಲ್ಲಿ ಕೊಳೀತಿವೆ, ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಬರೋದಿಲ್ಲ, ಹಳ್ಳಿಗಳಲ್ಲಿ ಬಹಿಷ್ಕಾರ ನಿಂತಿಲ್ಲ, ಇಂಥ ಹೊತ್ತಲ್ಲಿ ನಿಘಂಟಿನ ಮಾತೇ ಅಂತ ಕೆಲವರು ಕೇಳಬಹುದು. ಕೇಳಲಿ. ಆ ದಪ್ಪ ಪುಸ್ತಕಗಳ ಒಳಗೆ ಕೂತಿರುವವರು ನಾವೇ. ನಮ್ಮ ಕೇರಿ, ನಮ್ಮ ಕಸುಬು, ನಮ್ಮ ದೇವರು, ನಮ್ಮ ಮೂಗಿನ ಅಳತೆ, ಎಲ್ಲ ಅಲ್ಲಿ ಬರೆದಿಟ್ಟಿದೆ. ನೂರು ವರ್ಷದಿಂದ ನಮ್ಮ ಬಗ್ಗೆ ಪ್ರಬಂಧ ಬರೆದವರು, ತೀರ್ಪು ಬರೆದವರು, ಪಟ್ಟಿ ಮಾಡಿದವರು ಅವನ್ನು ತಿರುವಿ ಹಾಕಿದ್ದಾರೆ. ನಾವು ಮಾತ್ರ ತೆರೆದಿಲ್ಲ.

ಮೊದಲು ಬಾಗಿಲಿನ ಮಾತು. ಕೆಲವು ಕಡೆ ಕಪಾಟಿಗೆ ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಚೀಟಿ ಬರೆದುಕೊಡಬೇಕು, ಅಟೆಂಡರ್ ತೆಗೆದುಕೊಡಬೇಕು. ಅಟೆಂಡರ್ ಟೀ ಕುಡಿಯಲು ಹೋಗಿದ್ದರೆ ಪುಸ್ತಕ ಇಲ್ಲ. ಬಾಬಾಸಾಹೇಬರು ತಮ್ಮ ಬಾಲ್ಯದ ಬಗ್ಗೆ ಬರೆದದ್ದನ್ನು ಓದಿದವರಿಗೆ ಇದು ಎಲ್ಲೋ ಕೇಳಿದ ಕಥೆ ಅನ್ನಿಸ್ತದೆ. ಶಾಲೆಯಲ್ಲಿ ಆ ಹುಡುಗ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು, ಜವಾನ ಇಲ್ಲದ ದಿನ ನೀರಿಲ್ಲ. ಹೋಲಿಕೆ ಅತಿಯಾಯಿತು ಅನ್ನುವವರು ಇರ್ತಾರೆ. ಜಾತಿ ನೋಡಿ ಬೀಗ ಹಾಕಿಲ್ಲ, ಎಲ್ಲರಿಗೂ ಹಾಕಿದೆ ಅಂತಾರೆ. ನಿಜವೇ. ಆದರೆ ಬೀಗ ಎಲ್ಲರಿಗೂ ಒಂದೇ ತೂಕ ಇರೋದಿಲ್ಲ. ಅಪ್ಪ ಪ್ರೊಫೆಸರ್ ಆಗಿರುವ ಹುಡುಗ ಗಾಜಿನ ಹೊರಗಿಂದಲೇ ಬೆರಳು ತೋರಿಸಿ 'ಸಾರ್, ಅದು ಕೊಡಿ' ಅಂತಾನೆ. ಪುಸ್ತಕದ ಹೆಸರು ಅವನಿಗೆ ಮನೆಯಲ್ಲೇ ಸಿಕ್ಕಿದೆ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ನಮ್ಮ ಹುಡುಗ ಯಾವ ಬಾಯಲ್ಲಿ ಕೇಳಬೇಕು? ನಮ್ಮ ಗೆಳೆಯನೊಬ್ಬ ಒಂದು ಗ್ರಂಥಾಲಯದಲ್ಲಿ ಜಾತಿಗಳ ಬಗೆಗಿನ ಹಳೆಯ ಸಂಪುಟ ಕೇಳಿದ್ದಕ್ಕೆ 'ಅದು ರಿಸರ್ಚ್ ಮಾಡೋರಿಗೆ ಕಣಪ್ಪ' ಅಂದರಂತೆ. ಅವನು ಸುಮ್ಮನೆ ವಾಪಸು ಬಂದ. ವಾಪಸು ಬರಬೇಕಾಗಿರಲಿಲ್ಲ. ಆ ಪುಸ್ತಕ ಕೊಂಡಿರುವುದು ಸಾರ್ವಜನಿಕರ ಹಣದಲ್ಲಿ. ಗ್ರಂಥಾಲಯ ಶಾಸ್ತ್ರದ ಪಿತಾಮಹ ಅಂತ ಹೇಳಿಸಿಕೊಳ್ಳುವ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರಲ್ಲ, ಅದರಲ್ಲಿ ಮೊದಲನೆಯದೇ ಪುಸ್ತಕದ ಬಳಕೆಯ ಬಗ್ಗೆ. ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೋಕ್ಕೆ ಹಾರ ಹಾಕಿ ಭಾಷಣ ಮಾಡ್ತಾರೆ. ಹಾರ ಹಾಕಿದ ಕೈಯೇ ಮಾರನೇ ದಿನ ಬೀಗ ಹಾಕ್ತದೆ.

ಅದಕ್ಕೇ ಹೆಸರುಗಳನ್ನು ಹೇಳ್ತೇವೆ. ಬರೆದುಕೊಳ್ಳಿ. ಚೀಟಿಯಲ್ಲಿ ಹೆಸರು ಸರಿಯಾಗಿದ್ದರೆ ಇಲ್ಲ ಅನ್ನೋದು ಅವರಿಗೂ ಅಷ್ಟು ಸಲೀಸಲ್ಲ.

ಮೊದಲ ಹೆಸರು ಎಡ್ಗರ್ ಥರ್ಸ್ಟನ್. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಇಂಗ್ಲಿಷಿನವ. ಕೆ. ರಂಗಾಚಾರಿ ಎಂಬವರ ನೆರವಿನಿಂದ 1909ರಲ್ಲಿ 'ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರನ್ ಇಂಡಿಯಾ' ಎಂಬ ಏಳು ಸಂಪುಟ ತಂದ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜಾತಿಗಳನ್ನು ಜೋಡಿಸಿದ್ದಾನೆ. ಹೊಲೆಯರು ಎರಡನೇ ಸಂಪುಟದಲ್ಲಿ ಸಿಗ್ತಾರೆ, ಮಾದಿಗರು ನಾಲ್ಕನೆಯದರಲ್ಲಿ. ಜೊತೆಗೇ ಇಡಬೇಕಾದ ಎರಡನೇ ಹೆಸರು ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ 'ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್'. ಎಚ್.ವಿ. ನಂಜುಂಡಯ್ಯ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ. ಅವರು ತೀರಿಹೋದ ಮೇಲೆ, 1928ರಿಂದ 1935ರ ನಡುವೆ, ಮೈಸೂರು ವಿಶ್ವವಿದ್ಯಾನಿಲಯವೇ ಈ ನಾಲ್ಕು ಸಂಪುಟಗಳನ್ನು ಅಚ್ಚು ಹಾಕಿಸಿತು.

ಇವನ್ನು ತೆರೆದ ಮೊದಲ ದಿನ ಮೈ ಉರೀತದೆ, ಅದನ್ನು ಮೊದಲೇ ಹೇಳಿಬಿಡ್ತೇವೆ. ಒಂದು ಜಾತಿಯ ಮದುವೆ, ಸಾವು, ಮುಟ್ಟು, ಊಟ ಎಲ್ಲವನ್ನೂ ಕೀಟ ಹಿಡಿದು ಡಬ್ಬಿಯಲ್ಲಿ ಚುಚ್ಚಿಟ್ಟ ಹಾಗೆ ಬರೆದಿದ್ದಾರೆ. ಚಿತ್ರಗಳಿವೆ. ಚಿತ್ರದ ಕೆಳಗೆ ಜಾತಿಯ ಹೆಸರು ಇರ್ತದೆ, ನಿಂತಿರುವ ಮನುಷ್ಯನ ಹೆಸರು ಇರೋದಿಲ್ಲ. ಯಾರ ತಾತನೋ, ಯಾರ ಅಜ್ಜಿಯೋ. ಥರ್ಸ್ಟನ್ ಅಳತೆಯ ಸಾಮಾನು ಇಟ್ಟುಕೊಂಡು ಜನರ ತಲೆ ಅಳೆದ, ಮೂಗು ಅಳೆದ. ಮೂಗಿನ ಅಗಲ ಉದ್ದ ಲೆಕ್ಕ ಹಾಕಿದರೆ ಮನುಷ್ಯ ಯಾವ ಬುಡಕಟ್ಟಿನವ, ಯಾವ ಅಂತಸ್ತಿನವ ಅಂತ ಗೊತ್ತಾಗ್ತದೆ ಅನ್ನೋದು ಆ ಕಾಲದ ವಿಜ್ಞಾನ. ಉತ್ತರದಲ್ಲಿ ಇದೇ ಕೆಲಸ ರಿಸ್ಲೆ ಮಾಡಿದ. ಮೂಗು ಚೂಪಾದಷ್ಟೂ ಜಾತಿ ಮೇಲು, ಅಗಲವಾದಷ್ಟೂ ಕೀಳು ಅನ್ನುವವರೆಗೆ ಅವನ ಸಿದ್ಧಾಂತ ಹೋಯಿತು.

ಓದಿ ಪುಸ್ತಕವನ್ನು ಎಸೆಯಬೇಕು ಅನ್ನಿಸ್ತದೆ. ಎಸೆಯಬೇಡಿ. ಇದೇ ಅಳತೆಗಳನ್ನು ಬಾಬಾಸಾಹೇಬರು ಏನು ಮಾಡಿದರು ನೋಡಿ. 1948ರಲ್ಲಿ ಬಂದ ಅವರ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಅಸ್ಪೃಶ್ಯತೆಗೆ ಬುಡಕಟ್ಟಿನ ಭೇದ ಕಾರಣವೇ ಅಂತ ಒಂದು ಅಧ್ಯಾಯ ಇದೆ. ಅಸ್ಪೃಶ್ಯರು ಬೇರೆ ರಕ್ತದವರು, ಅದಕ್ಕೇ ದೂರ ಇಟ್ಟರು ಅನ್ನುವ ವಾದಕ್ಕೆ ಉತ್ತರ ಕೊಡಲು ಅವರು ಕೈಗೆತ್ತಿಕೊಂಡದ್ದು ಯಾವುದನ್ನು? ಇದೇ ಮೂಗಿನ ಅಳತೆಯ ಪಟ್ಟಿಗಳನ್ನು. ಘುರ್ಯೆ ಅವರ ಪುಸ್ತಕದಲ್ಲಿ ಒಟ್ಟು ಮಾಡಿದ್ದ ಅಂಕಿಗಳನ್ನು ಪ್ರಾಂತ ಪ್ರಾಂತವಾಗಿ ಮುಂದಿಟ್ಟು, ಬ್ರಾಹ್ಮಣನ ಅಳತೆಯ ಪಕ್ಕಕ್ಕೆ ಅಸ್ಪೃಶ್ಯನ ಅಳತೆ ಇಟ್ಟು ತೋರಿಸಿದರು. ಬ್ರಾಹ್ಮಣ ಆರ್ಯನಾದರೆ ಇವನೂ ಆರ್ಯ, ಇವನು ದ್ರಾವಿಡನಾದರೆ ಅವನೂ ದ್ರಾವಿಡ. ನಿಮ್ಮ ಅಂಕಿಯೇ ನಿಮ್ಮ ಸಿದ್ಧಾಂತವನ್ನು ಒಪ್ಪೋದಿಲ್ಲವಲ್ಲ ಅಂತ ಕೇಳಿದ ಹಾಗಾಯಿತು. ಬೈಗುಳದಿಂದ ಈ ಕೆಲಸ ಆಗುತ್ತಿರಲಿಲ್ಲ. ಪುಟ ತಿರುವಿದ್ದರಿಂದ ಆಯಿತು.

ಅದೇ ಗ್ರಂಥದಲ್ಲಿ 1911ರ ಜನಗಣತಿಯ ಮಾತು ಬರ್ತದೆ. ಹಿಂದೂಗಳು ಅಂತ ಯಾರನ್ನು ಪೂರ್ತಿಯಾಗಿ ಎಣಿಸಬೇಕು, ಯಾರನ್ನು ಬೇರೆ ಇಡಬೇಕು ಅಂತ ತಿಳಿಯಲು ಗಣತಿಯವರು ಹತ್ತು ಪರೀಕ್ಷೆ ಇಟ್ಟಿದ್ದರು. ಬ್ರಾಹ್ಮಣರ ಮೇಲ್ಮೆಯನ್ನು ಒಪ್ಪದವರು, ವೇದದ ಅಧಿಕಾರ ಒಪ್ಪದವರು, ಗುಡಿಯ ಒಳಕ್ಕೆ ಪ್ರವೇಶ ಇಲ್ಲದವರು, ಮುಟ್ಟಿದರೆ ಮೈಲಿಗೆ ಆಗುವವರು, ಹೆಣ ಹೂಳುವವರು, ದನದ ಮಾಂಸ ತಿನ್ನುವವರು, ಹೀಗೆ. ಇದು ಸರ್ಕಾರದ ಗುಮಾಸ್ತರ ಪಟ್ಟಿ. ಇದರ ಮೇಲೆ ಕೂತು ಅಂಬೇಡ್ಕರ್ ಒಂದು ದೊಡ್ಡ ಪ್ರಶ್ನೆ ಕಟ್ಟಿದರು. ಈ ಪಟ್ಟಿಯಲ್ಲಿ ದನದ ಮಾಂಸ ಯಾಕೆ ಬಂತು, ಸತ್ತ ದನಕ್ಕೂ ಅಸ್ಪೃಶ್ಯತೆಗೂ ಏನು ಸಂಬಂಧ, ಬೌದ್ಧರಾಗಿದ್ದವರನ್ನು ಹೊರಗಿಟ್ಟ ಕಥೆ ಏನು ಅಂತ ಬೆನ್ನು ಹತ್ತಿದರು. ಅವರ ತೀರ್ಮಾನಗಳನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಅದು ಬೇರೆ ಚರ್ಚೆ. ಮೇಲ್ಜಾತಿಯ ಗುಮಾಸ್ತ ತುಂಬಿದ ನಮೂನೆಯನ್ನು ಸಾಕ್ಷಿಕಟ್ಟೆಗೆ ಹತ್ತಿಸುವ ಆ ವಿದ್ಯೆ ನಮಗೆ ಬೇಕು.

1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 'ಕ್ಯಾಸ್ಟ್ಸ್ ಇನ್ ಇಂಡಿಯಾ' ಪ್ರಬಂಧ ಓದಿದಾಗ ಅವರಿಗೆ ಇಪ್ಪತ್ತೈದು ವಯಸ್ಸು. ನಿಮ್ಮಲ್ಲಿ ಅನೇಕರ ವಯಸ್ಸು. ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಜಾತಿಗೆ ಕೊಟ್ಟ ವಿವರಣೆಗಳನ್ನು ಒಂದೊಂದಾಗಿ ಎತ್ತಿಕೊಂಡು ಎಲ್ಲಿ ಸೋರ್ತದೆ ಅಂತ ತೋರಿಸಿದ ಮೇಲೆಯೇ ತಮ್ಮ ಮಾತು ಹೇಳಿದರು. ಲಂಡನ್ನಿನಲ್ಲಿ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಮುಚ್ಚುವ ಹೊತ್ತಿಗೆ ಹೊರಬರುತ್ತಿದ್ದರು ಅಂತ ಜೀವನಚರಿತ್ರೆ ಬರೆದವರು ಹೇಳ್ತಾರೆ. ನಾವು ಏಪ್ರಿಲ್ 14ಕ್ಕೆ ಈ ಮಾತು ಹೇಳಿ ಚಪ್ಪಾಳೆ ಹೊಡೀತೇವೆ. ಏಪ್ರಿಲ್ 15ಕ್ಕೆ ಗ್ರಂಥಾಲಯದ ಆ ಕೋಣೆ ಎಂದಿನ ಹಾಗೆ ಖಾಲಿ.

ಇನ್ನು ನಿಘಂಟಿನ ಮಾತು. ಫರ್ಡಿನೆಂಡ್ ಕಿಟ್ಟೆಲ್ ಜರ್ಮನಿಯಿಂದ ಬಂದ ಪಾದ್ರಿ. ಬಾಸೆಲ್ ಮಿಷನ್ನಿನವರು 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿದರು. ಪದದ ಜೊತೆಗೆ ಜನ ಆಡುವ ಗಾದೆಗಳನ್ನೂ ಕಿಟ್ಟೆಲ್ ಸೇರಿಸಿದ್ದಾರೆ. ಗಾದೆಗಳನ್ನು ನೋಡಿ. ಊರು ನಮ್ಮ ಬಗ್ಗೆ ಏನು ಆಡಿಕೊಳ್ತಿತ್ತು ಅಂತ ಯಾವ ಇತಿಹಾಸದ ಪುಸ್ತಕವೂ ಇಷ್ಟು ಪ್ರಾಮಾಣಿಕವಾಗಿ ಹೇಳಲಾರದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಇನ್ನೂ ದೊಡ್ಡದು, ಎಂಟು ಸಂಪುಟ. ಮೊದಲನೆಯದು 1970ರಲ್ಲಿ ಬಂತು, ಕೊನೆಯದು 1995ರಲ್ಲಿ. ಒಂದು ಪದವನ್ನು ಯಾವ ಕವಿ, ಯಾವ ಶಾಸನ ಎಲ್ಲಿ ಬಳಸಿತು ಅಂತ ಉದಾಹರಣೆ ಸಮೇತ ಕೊಡ್ತದೆ. ಮೂರನೆಯದಾಗಿ ಬರೋ ಮತ್ತು ಎಮೆನೋ ಎಂಬಿಬ್ಬರ ದ್ರಾವಿಡ ಭಾಷೆಗಳ ನಿಘಂಟು, 1961ರದು, ಪರಿಷ್ಕೃತ ಮುದ್ರಣ 1984. ಕನ್ನಡದ ಮಾತಿಗೆ ತಮಿಳಿನಲ್ಲಿ, ತುಳುವಿನಲ್ಲಿ, ತೆಲುಗಿನಲ್ಲಿ ಇರುವ ಬಂಧುಗಳನ್ನು ಅದು ಒಟ್ಟಿಗೆ ಕೂರಿಸ್ತದೆ.

ಒಂದೇ ಪದ ಹಿಡಿದುಕೊಂಡು ಈ ಮೂರರಲ್ಲೂ ಓಡಾಡಿ ನೋಡಿ. 'ಹೊಲೆಯ' ಅನ್ನುವುದನ್ನೇ ಹಿಡಿಯಿರಿ, ಹೆದರಬೇಡಿ. ಹೊಲದ ಒಡೆಯ, ಹೊಲದಲ್ಲಿ ದುಡಿಯುವವ, ಅದಕ್ಕೇ ಹೊಲೆಯ ಅಂತ ನಮ್ಮ ಹಿರಿಯರು ಹೇಳ್ತಾರೆ. ಥರ್ಸ್ಟನ್ನನ ಸಂಪುಟದಲ್ಲೂ ಹೊಲದಿಂದ ಬಂದ ಹೆಸರು ಎಂಬ ವಿವರಣೆ ಇದೆ. ಆದರೆ ಹೊಲೆ ಅಂದರೆ ಮೈಲಿಗೆ ಎಂಬ ಅರ್ಥವೂ ಕನ್ನಡದಲ್ಲಿ ಹಳೆಯದು. ಬರೋ-ಎಮೆನೋ ನಿಘಂಟಿನಲ್ಲಿ ಹೊಲ ಒಂದು ಕಡೆ, ಹೊಲೆ ಇನ್ನೊಂದು ಕಡೆ, ಬೇರೆ ಬೇರೆ ನಮೂದು. ಹಾಗಾದರೆ ನಾವು ಮಣ್ಣಿನ ಮಕ್ಕಳೋ, ಮೈಲಿಗೆಯ ಮಕ್ಕಳೋ? ನಿಘಂಟು ಇದಕ್ಕೆ ತೀರ್ಪು ಕೊಡೋದಿಲ್ಲ. ಸಾಕ್ಷ್ಯ ಕೊಡ್ತದೆ. ವೇದಿಕೆಯ ಮೇಲೆ ನಿಂತು ಹೊಲದಿಂದ ಹೊಲೆಯ ಅನ್ನುವ ನಮ್ಮ ಭಾಷಣಕಾರರು ಎದುರಾಳಿ ಇನ್ನೊಂದು ಪುಟ ತೆಗೆದರೆ ಏನು ಹೇಳಬೇಕು ಅಂತ ಮೊದಲೇ ಯೋಚಿಸಿರಬೇಕಲ್ಲವೇ? ದುಡಿದವನ ಹೆಸರಿಗೆ ಮೈಲಿಗೆ ಅಂಟಿಸಿದ್ದು ಯಾವಾಗ, ಯಾರು? ಇಂಥದ್ದೊಂದು ಪ್ರಶ್ನೆಗೆ ಪಿ.ಎಚ್‌ಡಿ. ಮಾಡಬಹುದು. 'ಕುವೆಂಪು ಕಾವ್ಯದಲ್ಲಿ ಪ್ರಕೃತಿ' ಅಂತ ನೂರಾ ಒಂದನೇ ಪ್ರಬಂಧ ಬರೆಯುವ ಬದಲು.

ಪರಿಷತ್ತಿನ ನಿಘಂಟಿನ ಬಗ್ಗೆ ಇನ್ನೊಂದು ಮಾತು. ಅದು ಬಹುಮಟ್ಟಿಗೆ ಗ್ರಂಥಸ್ಥ ಕನ್ನಡ. ಪಂಪ ರನ್ನರ ಮಾತಿಗೆ ಜಾಗ ಸಿಕ್ಕಷ್ಟು ಸಲೀಸಾಗಿ ನಮ್ಮವ್ವ ಆಡುವ ಮಾತಿಗೆ ಸಿಕ್ಕಿಲ್ಲ. ತಮಟೆ ಕಾಯಿಸುವಾಗ ಆಡುವ ಮಾತು, ತೊಗಲು ಹದ ಮಾಡುವಾಗಿನ ಮಾತು, ಕೂಲಿಯ ಅಳತೆಯ ಮಾತು, ಸಾವಿನ ಮನೆಯಲ್ಲಿ ಹೆಂಗಸರು ಆಡಿ ಅಳುವ ಮಾತು. ರಜೆಗೆ ಊರಿಗೆ ಹೋದಾಗ ಇಪ್ಪತ್ತು ಪದ ಬರೆದುಕೊಂಡು ಬನ್ನಿ, ಎಂಟು ಸಂಪುಟಗಳಲ್ಲಿ ಹುಡುಕಿ. ಸಿಗದ ಪದಗಳ ಪಟ್ಟಿ ಮಾಡಿ ನಮಗೆ ಕಳಿಸಿ. ನಿಘಂಟು ಮಾಡುವುದು ಪಂಡಿತರ ಕೆಲಸ, ನಮ್ಮದಲ್ಲ ಅಂತ ಅಂದುಕೊಳ್ಳುವವರಿಗೆ ಒಂದು ಸುದ್ದಿ. ಬಾಬಾಸಾಹೇಬರು ಪಾಲಿ ಭಾಷೆಯ ನಿಘಂಟನ್ನು ತಾವೇ ಕೂತು ಸಿದ್ಧ ಮಾಡಿದ್ದರು. ಮಹಾರಾಷ್ಟ್ರ ಸರ್ಕಾರ 1979ರಿಂದ ಹೊರತಂದ ಅವರ ಬರಹ ಭಾಷಣಗಳ ಮಾಲೆಯಲ್ಲಿ ಹದಿನಾರನೇ ಸಂಪುಟವಾಗಿ ಅದು ಇದೆ. ಸಂವಿಧಾನದ ಶಿಲ್ಪಿ ಅಂತ ಕೋಟು ಹಾಕಿದ ಚಿತ್ರ ಎಲ್ಲ ಕಡೆ ಇದೆ, ನಿಘಂಟು ಬರೆದವರು ಅಂತ ಎಷ್ಟು ಜನಕ್ಕೆ ಗೊತ್ತು?

ಹೆಸರಿನ ವಿಷಯ ಬಂತು, ಜನಗಣತಿ ಸಂಪುಟಗಳ ಮಾತನ್ನೂ ಸೇರಿಸಿಬಿಡೋಣ. ಜಾತಿವಾರು ಪೂರ್ತಿ ಅಂಕಿ ಅಚ್ಚಾದದ್ದು 1931ರ ಗಣತಿಯಲ್ಲಿ. 1951ರಿಂದ ಈಚೆಗೆ ಪರಿಶಿಷ್ಟರನ್ನು ಮಾತ್ರ ಜಾತಿವಾರು ಎಣಿಸಿದರು, ಮೇಲಿನವರ ಲೆಕ್ಕ ಮುಚ್ಚಿಕೊಂಡಿತು. ಮುಂದಿನ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ತೀರ್ಮಾನ ಮಾಡಿದೆ. ಮೈಸೂರು ಸಂಸ್ಥಾನದ ಹಳೆಯ ಗಣತಿ ಸಂಪುಟಗಳನ್ನು 1901, 1911, 1921, 1931 ಅಂತ ಸಾಲಾಗಿ ಇಟ್ಟು ನೋಡಿದರೆ ನಮ್ಮ ಹೆಸರು ಬದಲಾಗುವುದು ಕಣ್ಣಿಗೆ ಕಾಣ್ತದೆ. ಹೊಲೆಯ, ಮಾದಿಗ ಅಂತ ಇದ್ದದ್ದು ಹೋಗಿ ಆದಿ ಕರ್ನಾಟಕ, ಆದಿ ದ್ರಾವಿಡ ಬರ್ತದೆ. ಅವಮಾನದ ಹೆಸರನ್ನು ಕಳಚುವ ಹೋರಾಟ ಅದು, ಅದರ ಹಿಂದೆ ನಮ್ಮ ಹಿರಿಯರ ಮಾನದ ಪ್ರಶ್ನೆ ಇತ್ತು. ಆದರೆ ಒಂದೇ ಹೆಸರಿನೊಳಗೆ ಕೆಲವು ಕಡೆ ಇವರು, ಕೆಲವು ಕಡೆ ಅವರು ಸೇರಿಹೋದರು. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ಕೇರಿಗೆ ಬಂದಾಗ, ಆದಿ ಕರ್ನಾಟಕ ಅಂದರೆ ಮೂಲ ಜಾತಿ ಯಾವುದು ಅಂತ ಮತ್ತೆ ಕೇಳಬೇಕಾಯಿತು. ಹಾಸ್ಟೆಲುಗಳಲ್ಲಿ ಎಡಗೈ ಬಲಗೈ ಅಂತ ರಾತ್ರಿಯೆಲ್ಲ ಜಗಳ ಆದವು. ಜಗಳ ಆಡಿದ ಎರಡೂ ಕಡೆಯ ಹುಡುಗರು ಈ ಸಂಪುಟಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರೆ ಕೂಗಾಟ ಸ್ವಲ್ಪ ಕಡಿಮೆಯಾಗಿ ಮಾತು ಸ್ವಲ್ಪ ಜಾಸ್ತಿಯಾಗುತ್ತಿತ್ತು ಎಂದು ನಮ್ಮ ಅನಿಸಿಕೆ.

ಗ್ಯಾಸೆಟಿಯರು, ಶಾಸನಗಳ ಬಗ್ಗೆ ಬೇಗ ಹೇಳ್ತೇವೆ. ಬಿ.ಎಲ್. ರೈಸ್ ಸಂಗ್ರಹಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಹನ್ನೆರಡು ಸಂಪುಟ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ ತಂದಿತು. ತಾಲ್ಲೂಕುವಾರು ಇರ್ತದೆ, ನಿಮ್ಮ ತಾಲ್ಲೂಕು ತೆಗೆದು ನಿಮ್ಮೂರಿನ ಕಲ್ಲು ಏನು ಹೇಳ್ತದೆ ನೋಡಿ. ಯಾವ ಗದ್ದೆ ಯಾವ ಅಗ್ರಹಾರಕ್ಕೆ ಹೋಯಿತು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಅಂತ ಬರೆದಿರ್ತದೆ. ಆ ಗದ್ದೆ ಉತ್ತವರ ಹೆಸರನ್ನು ಹುಡುಕಿ ನೋಡಿ, ಎಷ್ಟು ಸಿಗ್ತವೆ ಅಂತ. ರೈಸ್‌ನ ಮೈಸೂರು ಗ್ಯಾಸೆಟಿಯರ್, 1897ರ ಪರಿಷ್ಕೃತ ಮುದ್ರಣ, ಎರಡು ಸಂಪುಟ. ಮೇಲುಕೋಟೆಯ ಗುಡಿಯೊಳಕ್ಕೆ ವರ್ಷದಲ್ಲಿ ಕೆಲವೇ ದಿನ ಹೊಲೆಯರಿಗೆ ಪ್ರವೇಶ ಇತ್ತು ಎಂಬ ಸಂಗತಿ ಅದರಲ್ಲಿದೆ. ರಾಮಾನುಜಾಚಾರ್ಯರಿಗೆ ನಮ್ಮವರು ನೆರವಾದರು, ಅದಕ್ಕೆ ಕೊಟ್ಟ ಬಹುಮಾನ ಅಂತ ಕಥೆ. ಬಹುಮಾನವಾಗಿ ಕೆಲವು ದಿನ, ಉಳಿದ ದಿನ ಹೊರಗೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಡಾಕ್ಟರು ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲೆಲ್ಲ ತಿರುಗಿ ಬರೆದ ಪ್ರವಾಸದ ಮೂರು ಸಂಪುಟ 1807ರಲ್ಲಿ ಅಚ್ಚಾದವು. ಊರೂರಿನ ಬೆಳೆ, ಕೂಲಿ, ಆಳುಗಳ ಸ್ಥಿತಿ ಬರೆದುಕೊಂಡು ಹೋಗಿದ್ದಾನೆ. ಜೀತ ಅನ್ನೋದು ಇರಲೇ ಇಲ್ಲ, ಎಲ್ಲ ಪ್ರೀತಿ ವಿಶ್ವಾಸದ ಸಂಬಂಧ ಅನ್ನುವ ಗೌಡರಿಗೆ ಅವನ ಪುಟಗಳನ್ನು ತೋರಿಸಬೇಕು.

ಮೀಸಲಾತಿಯಿಂದ ಯೋಗ್ಯತೆ ಹಾಳಾಯ್ತು ಅಂತ ತರಗತಿಯಲ್ಲಿ ಮಾತು ಬರೋದು ನಿಮಗೆ ಹೊಸದಲ್ಲ. ನಮ್ಮ ಹುಡುಗರು ಒಂದೋ ತಲೆ ತಗ್ಗಿಸ್ತಾರೆ, ಇಲ್ಲಾ ಬೆಂಚು ಗುದ್ದುತ್ತಾರೆ. ಮಿಲ್ಲರ್ ಸಮಿತಿಯ ವರದಿ ಕೇಳಿ ತೆಗೆಸಿ. ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ 1919ರಲ್ಲಿ ಕೊಟ್ಟದ್ದು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಶಿಫಾರಸು ಮಾಡಿದ ವರದಿ. ಆಗಲೂ ಇದೇ ಯೋಗ್ಯತೆಯ ಕೂಗು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೇ ಈ ದಾರಿ ಒಪ್ಪಿಗೆ ಇರಲಿಲ್ಲ. ನೂರು ವರ್ಷದ ಹಳೇ ರೆಕಾರ್ಡು, ಅದೇ ಹಾಡು. ಮುಂದೆ 1975ರಲ್ಲಿ ಬಂದ ಹಾವನೂರು ವರದಿ, 1969ರಲ್ಲಿ ಬಂದ ಇಳಯಪೆರುಮಾಳ್ ಸಮಿತಿಯ ಅಸ್ಪೃಶ್ಯತೆಯ ವರದಿ, ಇವೂ ಅಲ್ಲೇ ಎಲ್ಲೋ ಧೂಳು ಕುಡೀತಿರ್ತವೆ. ಸಂವಿಧಾನ ಸಭೆಯ ಚರ್ಚೆಗಳ ಸಂಪುಟಗಳನ್ನಂತೂ ಬಿಡಬೇಡಿ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ವಿಧಿ ಒಪ್ಪಿಗೆಯಾದದ್ದು 1948ರ ನವೆಂಬರ್ 29, ಏಳನೇ ಸಂಪುಟದಲ್ಲಿ ಇದೆ. ಆ ಸಭೆಯಲ್ಲಿ ಒಬ್ಬಳೇ ದಲಿತ ಹೆಣ್ಣುಮಗಳು ಇದ್ದಳು, ಕೇರಳದ ದಾಕ್ಷಾಯಣಿ ವೇಲಾಯುಧನ್. ಹಾಸ್ಟೆಲಿನ ತಂಗಿಯರು ಸೂಚಿಯಲ್ಲಿ ಅವರ ಹೆಸರು ಹುಡುಕಿ ಅವರು ಆಡಿದ ಮಾತುಗಳನ್ನು ಓದಬೇಕು.

ಬೂಸಾ ಪ್ರಕರಣದ ಬಗ್ಗೆ ನಮ್ಮ ಸಭೆಗಳಲ್ಲಿ ಕೇಳಿಯೇ ಇರ್ತೀರಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಆಡಿದ ಒಂದು ಮಾತಿಗೆ ನಾಡೆಲ್ಲ ಬೆಂಕಿ ಬಿತ್ತು, ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹುಡುಗರನ್ನು ಹೊಡೆದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಕೇಳಿದ್ದು ಸಾಲದು. ಆ ತಿಂಗಳ ಪತ್ರಿಕೆಗಳ ಕಟ್ಟು ಹಾಕಿದ ಸಂಪುಟ ದೊಡ್ಡ ಗ್ರಂಥಾಲಯಗಳಲ್ಲಿ ಇರ್ತದೆ. ತೆಗೆಸಿ ದಿನ ದಿನವೂ ಓದಿ. ಯಾವ ಸಾಹಿತಿ ಏನು ಹೇಳಿಕೆ ಕೊಟ್ಟ, ಯಾರು ಬಾಯಿ ಮುಚ್ಚಿಕೊಂಡಿದ್ದರು ಅಂತ ಕಪ್ಪು ಅಕ್ಷರದಲ್ಲಿ ಇದೆ. ಈಗ ಅವರಲ್ಲಿ ಕೆಲವರು ನಮ್ಮ ಪರವಾಗಿ ಇದ್ದೆವು ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದರೆ ಹೋಲಿಸಿ ನೋಡಲಿಕ್ಕೂ ಆಗ್ತದೆ.

ಧರ್ಮಶಾಸ್ತ್ರವನ್ನು ಮುಟ್ಟೋದೇ ಇಲ್ಲ ಅನ್ನುವ ಹಟ ನಮ್ಮಲ್ಲಿ ಕೆಲವರಿಗೆ ಇದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟವರು ಅದನ್ನು ಓದದೇ ಸುಟ್ಟವರಲ್ಲ. ಪಿ.ವಿ. ಕಾಣೆ ಅವರ 'ಹಿಸ್ಟರಿ ಆಫ್ ಧರ್ಮಶಾಸ್ತ್ರ' ಐದು ಸಂಪುಟದ ಬೃಹತ್ ಗ್ರಂಥ. ಎರಡನೇ ಸಂಪುಟದಲ್ಲಿ ಅಸ್ಪೃಶ್ಯತೆಗೆ ಒಂದು ಅಧ್ಯಾಯ, ದಾಸ್ಯಕ್ಕೆ ಇನ್ನೊಂದು. ಬರೆದವರು ಸಂಪ್ರದಾಯದ ಮನೆಯ ಪಂಡಿತರು, ಭಾರತರತ್ನ ಪಡೆದವರು. ನಾವು ಹೇಳಿದರೆ ದ್ವೇಷ ಅನ್ನಿಸಿಕೊಳ್ಳುವ ಮಾತು ಅಲ್ಲಿ ಅಡಿಟಿಪ್ಪಣಿ ಸಮೇತ ಶಾಸ್ತ್ರೋಕ್ತವಾಗಿ ಸಿಗ್ತದೆ.

ಮೊಬೈಲಿನಲ್ಲಿ ಎಲ್ಲ ಸಿಗ್ತದಲ್ಲ, ಆ ಕೋಣೆ ಯಾಕೆ ಅಂತ ಕೇಳೋರಿಗೆ. ಹೌದು, ಥರ್ಸ್ಟನ್, ಕಿಟ್ಟೆಲ್, ರೈಸ್ ಎಲ್ಲ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು, ಅಂತರ್ಜಾಲದಲ್ಲಿ ಪುಕ್ಕಟೆ ಇವೆ. ಅಂಬೇಡ್ಕರ್ ಸಂಪುಟಗಳೂ ಇವೆ. ಇಳಿಸಿಕೊಳ್ಳಿ, ಖಂಡಿತ ಇಳಿಸಿಕೊಳ್ಳಿ. ಆದರೆ ಹೆಸರು ಗೊತ್ತಿದ್ದವನಿಗೆ ಮಾತ್ರ ಅಲ್ಲಿ ಸಿಗ್ತದೆ. ಕಪಾಟಿನ ಮುಂದೆ ನಿಂತವನಿಗೆ ಕೇಳದ ಪುಸ್ತಕವೂ ಪಕ್ಕದಲ್ಲೇ ಕಾಣ್ತದೆ. ಡ್ಯೂಯಿ ದಶಮಾಂಶ ಪದ್ಧತಿ ಇರುವ ಕಡೆ 305ರ ಸಾಲಿನಲ್ಲಿ ಸಮಾಜದ ಗುಂಪುಗಳು, ಜಾತಿ, ನಾವು. 294.3 ಅಂದರೆ ಬೌದ್ಧಧರ್ಮ, 294.5 ಅಂದರೆ ಹಿಂದೂ ಧರ್ಮ, ನಡುವೆ ಜೈನರು. 494.814 ಕನ್ನಡ ಭಾಷೆ, 894.814 ಕನ್ನಡ ಸಾಹಿತ್ಯ. ಈ ನಾಲ್ಕೈದು ಸಂಖ್ಯೆ ಅಂಗೈ ಮೇಲೆ ಬರೆದುಕೊಂಡು ಹೋದರೂ ಆಯ್ತು. ದಪ್ಪ ಪುಸ್ತಕ ಸಿಕ್ಕ ಕೂಡಲೇ ಮೊದಲ ಪುಟದಿಂದ ಓದಲು ಕೂರಬೇಡಿ, ನಿದ್ದೆ ಬರ್ತದೆ. ಹಿಂದಿನಿಂದ ತೆರೆಯಿರಿ. ಸೂಚಿ ಅಲ್ಲಿರ್ತದೆ. ನಿಮ್ಮೂರು, ನಿಮ್ಮ ಜಾತಿ, ನಿಮಗೆ ಬೇಕಾದ ಪದ ಹುಡುಕಿ ಆ ಪುಟಕ್ಕೆ ಹೋಗಿ. ಇಂಗ್ಲಿಷ್ ಕಷ್ಟ ಆದರೆ ಇಬ್ಬರು ಹೋಗಿ, ಒಬ್ಬ ಓದಲಿ ಒಬ್ಬ ನಿಘಂಟು ನೋಡಲಿ. ಬರೆದುಕೊಳ್ಳುವಾಗ ಪುಸ್ತಕದ ಹೆಸರು, ಸಂಪುಟ, ವರ್ಷ, ಪುಟಸಂಖ್ಯೆ ಬಿಡಲೇಬೇಡಿ. ಪುಟಸಂಖ್ಯೆ ಇಲ್ಲದ ಮಾತು ಕೋರ್ಟಿನಲ್ಲೂ ನಿಲ್ಲೋದಿಲ್ಲ, ವೈವಾದಲ್ಲೂ ನಿಲ್ಲೋದಿಲ್ಲ. ಸೂಚಿ ನೋಡಿ ಪುಟ ಹುಡುಕಲು ಕಲಿತವನು ನಾಳೆ ತಾಲ್ಲೂಕು ಕಛೇರಿಯ ರೆಕಾರ್ಡು ರೂಮಿನಲ್ಲಿ ಅಪ್ಪನ ಹೆಸರಿನ ಮಂಜೂರಾತಿ ಹುಡುಕುವಾಗ ದಿಕ್ಕೆಟ್ಟು ನಿಲ್ಲೋದಿಲ್ಲ. 1978ರ ಕಾಯ್ದೆಯಲ್ಲಿ ಜಮೀನು ವಾಪಸು ಕೇಳುವ ಮನೆಗಳಿಗೆ ಇಂಥ ಒಬ್ಬ ಹುಡುಗ ಬೇಕಾಗಿದ್ದಾನೆ.

ಇನ್ನು ಕೇಳಬೇಕಾದದ್ದು. ಪರಾಮರ್ಶನ ವಿಭಾಗ ಹಾಸ್ಟೆಲಿನವರಿಗೆ ಅನುಕೂಲವಾಗುವ ಹಾಗೆ ರಾತ್ರಿಯೂ, ಭಾನುವಾರವೂ ತೆರೆದಿರಬೇಕು. ಮನೆಗೆ ಕೊಡುವುದಿಲ್ಲ ಅಂದ ಮೇಲೆ ಹೊತ್ತಾದರೂ ಕೊಡಬೇಕು. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಸಂಜೆಗೇ ಬೀಳ್ತದೆ, ಹಾಗಾಗಿ ರಾತ್ರಿ ತೆರೆದರೂ ಅವರಿಗೆ ಪ್ರಯೋಜನ ಇಲ್ಲ. ಗ್ರಂಥಾಲಯದ ಚೀಟಿ ತೋರಿಸಿದವರಿಗೆ ಗೇಟು ತೆರೆಯಬೇಕು. ಹಳೆಯ ವರದಿಗಳನ್ನು ಹರಿದಿವೆ ಅಂತ ರದ್ದಿಗೆ ಹಾಕುವ ಮೊದಲು ಪಟ್ಟಿ ಗೋಡೆಗೆ ಅಂಟಿಸಬೇಕು. ಕನ್ನಡದಲ್ಲಿ ಬಂದಿರುವ ಅಂಬೇಡ್ಕರ್ ಸಂಪುಟಗಳ ಒಂದು ಸೆಟ್ಟು ಪ್ರತಿ ಹಾಸ್ಟೆಲಿನಲ್ಲಿ, ವಾರ್ಡನ್ನರ ಬೀರುವಿನಲ್ಲಿ ಅಲ್ಲ, ಓದುವ ಮೇಜಿನ ಮೇಲೆ ಇರಬೇಕು. ಈ ನಾಲ್ಕನ್ನು ಬರೆದು ಸಹಿ ಹಾಕಿಸಲು ನಮೂನೆಯನ್ನು ಈ ಸಂಚಿಕೆಯ ಜೊತೆ ಪಿನ್ ಮಾಡಿದ್ದೇವೆ.

ಒಂದು ಚಿಕ್ಕ ತೊಡಕು ಉಳೀತದೆ. ರಾತ್ರಿ ಗ್ರಂಥಾಲಯದಿಂದ ಬರುವಷ್ಟರಲ್ಲಿ ಹಾಸ್ಟೆಲಿನಲ್ಲಿ ಊಟ ಮುಗಿದಿರ್ತದೆ. ಅದಕ್ಕೆ ಅರ್ಜಿ ಬೇಡ. ಓದಲು ಹೋದವರ ತಟ್ಟೆಯನ್ನು ರೂಮಿನವರು ಮುಚ್ಚಿಡಿ, ಸಾರು ಬೇರೆ ಲೋಟದಲ್ಲಿಡಿ.